ಎಂಜಿನ್ ಆಯಿಲ್‌ನಲ್ಲಿ ನೀರು: ಹೆಡ್ ಬಿಚ್ಚುವ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಗಂಗೊಳ್ಳಿಯಲ್ಲಿ ನಮ್ಮದೊಂದು ಟ್ರಾಲ್ ಬೋಟ್ ಇದೆ. ಆರು ಸಿಲಿಂಡರಿನ ಡೀಸೆಲ್ ಎಂಜಿನ್, ಹೀಟ್ ಎಕ್ಸ್‌ಚೇಂಜರ್ ಕೂಲಿಂಗ್. ಹೊಗೆ ಪೈಪ್ ಕ್ಯಾಬಿನ್ ದಾಟಿ ನೇರ ಮೇಲಕ್ಕೆ ಹೋಗಿದೆ. ಮೇ ಕೊನೆಯವರೆಗೆ ಎಂಜಿನ್ ಚೆನ್ನಾಗಿಯೇ ಓಡಿದೆ. ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ ಬೋಟನ್ನು ಹೊಳೆಯಲ್ಲೇ ಕಟ್ಟಿದ್ದೆವು. ಹುಡುಗರು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಓಡಿಸುತ್ತಿದ್ದರು. ಮೊನ್ನೆ ಆಯಿಲ್ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್ ತೆಗೆದು ನೋಡಿದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂದಿದೆ, ಮಾರ್ಕಿಗಿಂತ ಎರಡು ಬೆರಳು ಮೇಲೂ ಇದೆ. ಹೆಡರ್ ಟ್ಯಾಂಕಿನ ನೀರು ಕಡಿಮೆಯಾದ ಹಾಗೆ ಕಾಣುವುದಿಲ್ಲ. ಮೆಕ್ಯಾನಿಕ್ ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಬಿಚ್ಚಲೇಬೇಕು ಅನ್ನುತ್ತಾರೆ. ಆಗಸ್ಟ್ 1ಕ್ಕೆ ಹೊರಡಬೇಕು. ಏನು ಮಾಡುವುದು?

ಉತ್ತರ: ಉಳಿದದ್ದನ್ನು ಆಮೇಲೆ ಓದಿ. ಮೊದಲು ಬೋಟಿನಲ್ಲಿ ಯಾರಿದ್ದಾರೋ ಅವರಿಗೆ ಫೋನ್ ಮಾಡಿ, ಸೆಲ್ಫ್ ಹೊಡೀಬೇಡಿ ಅಂತ ಹೇಳಿ. ಬ್ಯಾಟರಿಯ ಒಂದು ವಯರ್ ಕಳಚಿಡಲಿ. ಸಿಲಿಂಡರಿನ ಒಳಗೆ ನೀರು ನಿಂತಿದ್ದರೆ ಪಿಸ್ಟನ್ ಮೇಲೆ ಬರುವಾಗ ಅದನ್ನು ಒತ್ತುತ್ತದೆ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಬಗ್ಗುವುದು ಕನೆಕ್ಟಿಂಗ್ ರಾಡ್. ಇಷ್ಟು ವಾರ ಸ್ಟಾರ್ಟ್ ಆಗಿದೆಯಲ್ಲ, ಈಗಲೂ ಆಗುತ್ತದೆ ಅನ್ನುವ ಧೈರ್ಯ ಬೇಡ. ಇವತ್ತು ಎಷ್ಟು ನೀರು ಯಾವ ಸಿಲಿಂಡರಿನಲ್ಲಿದೆ ಅಂತ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ.

ಇನ್ನು ಹೆಡ್ ಗ್ಯಾಸ್ಕೆಟ್ ವಿಷಯ. ಸಿಲಿಂಡರುಗಳ ಮೇಲಿನ ಮುಚ್ಚಳ ಹೆಡ್, ಅದಕ್ಕೂ ಬ್ಲಾಕಿಗೂ ನಡುವೆ ಬಿಗಿಗೆ ಹಾಕುವ ತೆಳು ಹಾಳೆ ಗ್ಯಾಸ್ಕೆಟ್. ನಿಮ್ಮ ಮೆಕ್ಯಾನಿಕ್ ಹೇಳಿದ್ದು ಆಗದ ಮಾತೇನಲ್ಲ. ಗ್ಯಾಸ್ಕೆಟ್ ಹೋದರೂ ಆಯಿಲ್ ಹೀಗೇ ಆಗುತ್ತದೆ. ಆದರೆ ಆಯಿಲ್ ಬೆಳ್ಳಗಾಗಲು ಏಳೆಂಟು ದಾರಿಗಳಿವೆ, ಗ್ಯಾಸ್ಕೆಟ್ ಅದರಲ್ಲಿ ಒಂದು ಮಾತ್ರ. ಹೆಡ್ ಬಿಚ್ಚುವುದು ಎಲ್ಲಕ್ಕಿಂತ ಖರ್ಚಿನ, ಎಲ್ಲಕ್ಕಿಂತ ನಿಧಾನದ ಕೆಲಸ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ ಸರಿಯೇ ಇತ್ತು ಅಂತಾದರೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚುತ್ತಾರೆ. ನೀರು ಬರುವುದು ಬರುತ್ತಲೇ ಇರುತ್ತದೆ. ಅದಕ್ಕೇ ನಾನು ಸ್ಪ್ಯಾನರ್ ಹಿಡಿಯುವ ಮೊದಲು ಎರಡು ವಿಷಯ ಕೇಳುತ್ತೇನೆ. ಒಳಗೆ ಬಂದದ್ದು ಯಾವ ನೀರು? ಬಂದದ್ದು ಎಂಜಿನ್ ಓಡುವಾಗಲೋ, ನಿಂತಿರುವಾಗಲೋ? ಇವೆರಡಕ್ಕೆ ಉತ್ತರ ಸಿಕ್ಕರೆ ಬಂದ ದಾರಿ ತಾನಾಗಿ ಸಿಗುತ್ತದೆ.

ನಿಮ್ಮ ಬೋಟಿಗೆ ಬರಬಹುದಾದ ನೀರು ಮೂರೇ. ಎಂಜಿನ್ ಸುತ್ತ ಸುತ್ತುವ ಹೆಡರ್ ಟ್ಯಾಂಕಿನ ಸಿಹಿನೀರು ಅಥವಾ ಕೂಲೆಂಟ್, ಅದನ್ನು ತಂಪು ಮಾಡಲು ಪಂಪ್ ಎಳೆದುಕೊಳ್ಳುವ ಹೊರಗಿನ ನೀರು, ಮತ್ತು ಮಳೆ. ಹೆಡ್ ಗ್ಯಾಸ್ಕೆಟ್, ಲೈನರಿನ (ಪಿಸ್ಟನ್ ಓಡಾಡುವ ಕೊಳವೆಯ) ಓ ರಿಂಗ್, ಬ್ಲಾಕ್ ಅಥವಾ ಹೆಡ್ಡಿನ ಬಿರುಕು, ಇವೆಲ್ಲ ಹೆಡರ್ ಟ್ಯಾಂಕಿನ ಕಡೆಯವು. ಈ ದಾರಿಯಲ್ಲಿ ಸಂಪ್‌ಗೆ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಗೆ, ಎಷ್ಟು ನೀರು ಬಂತೋ ಟ್ಯಾಂಕಿನಲ್ಲಿ ಅಷ್ಟು ಕಡಿಮೆಯಾಗಬೇಕು ಅಲ್ವಾ? ಡಿಪ್‌ಸ್ಟಿಕ್‌ನಲ್ಲಿ ಎರಡು ಬೆರಳು ಏರಿದೆ ಅಂದರೆ ನಿಮ್ಮ ಗಾತ್ರದ ಎಂಜಿನ್‌ನಲ್ಲಿ ಕಡಿಮೆಯೆಂದರೂ ಎರಡು ಮೂರು ಲೀಟರ್ ಸೇರಿರಬೇಕು. ಅಷ್ಟು ಹೋಗಿದ್ದರೆ ಹೆಡರ್ ಟ್ಯಾಂಕಿನ ಮುಚ್ಚಳ ತೆಗೆದ ಕೂಡಲೇ ಗೊತ್ತಾಗುತ್ತದೆ. ನೀರು ಕಡಿಮೆಯಾಗಿಲ್ಲ ಅಂತ ನೀವೇ ಬರೆದಿದ್ದೀರಿ. ನನಗೆ ಗ್ಯಾಸ್ಕೆಟ್ ಮೇಲೆ ಸಂಶಯ ಕಡಿಮೆಯಾದದ್ದು ಈ ಒಂದು ವಾಕ್ಯದಿಂದ.

ಆದರೆ ಇಲ್ಲೊಂದು ಕೊಕ್ಕೆ ಇದೆ. ಹೆಡರ್ ಟ್ಯಾಂಕ್ ಕಡಿಮೆ ಕಂಡರೆ ಸುಮ್ನೆ ಒಂದು ಚೊಂಬು ನೀರು ಹೊಯ್ದು ಮುಚ್ಚುವುದು ನಮ್ಮ ಕಲಾಸಿಗಳಿಗೆ (ಬೋಟಿನ ಕೆಲಸಗಾರರಿಗೆ) ಅಭ್ಯಾಸ. ಅದನ್ನು ಯಾರಿಗೂ ಹೇಳುವುದಿಲ್ಲ, ಹೇಳಬೇಕು ಅಂತ ಅನಿಸುವುದೂ ಇಲ್ಲ. ರಜೆಯಲ್ಲಿ ಬೋಟ್ ನೋಡಿಕೊಂಡವರನ್ನು ಕೂರಿಸಿ ಕೇಳಿ. ಬೈಯುವ ಹಾಗೆ ಕೇಳಬೇಡಿ, ಬೈದರೆ ಯಾರೂ ನಿಜ ಹೇಳುವುದಿಲ್ಲ. ಟ್ಯಾಂಕಿಗೆ ನೀರು ಹಾಕಿದ್ದೀರಾ, ಎಷ್ಟು ಸಲ? ಸ್ಟಾರ್ಟ್ ಮಾಡುವಾಗ ಹೊರಗಿನ ನೀರಿನ ವಾಲ್ವ್ ತೆರೆದು ಆಮೇಲೆ ಮುಚ್ಚುತ್ತಿದ್ದಿರಾ, ತೆರೆದೇ ಬಿಡುತ್ತಿದ್ದಿರಾ? ಹೊಗೆ ಪೈಪಿನ ಬಾಯಿಗೆ ಡಬ್ಬ ಮುಚ್ಚಿತ್ತಾ? ಸ್ಟಾರ್ಟ್ ಆದ ಕೂಡಲೇ ಪೈಪಿನಿಂದ ಕಪ್ಪು ನೀರು ಚಿಮ್ಮಿತ್ತಾ? ಜೋರು ಮಳೆಯ ದಿನ ಬೋಟಿನ ತಳದಲ್ಲಿ ನೀರು ಎಲ್ಲಿವರೆಗೆ ಏರಿತ್ತು? ಎಂಜಿನ್ ಹಿಂದಿನ ದೊಡ್ಡ ಚಕ್ರ, ಫ್ಲೈವ್ಹೀಲ್ ಮೇಲೆ ತುಕ್ಕಿನ ಗೆರೆ ಇದ್ದರೆ ನೀರು ಅಲ್ಲಿವರೆಗೆ ನಿಂತಿತ್ತು ಅಂತ ಅರ್ಥ. ಹಾಗೆ ನಿಂತ ನೀರು ಹಿಂದಿನ ಕ್ರ್ಯಾಂಕ್ ಸೀಲಿನಿಂದಲೂ ಒಳಗೆ ಹೋಗಬಹುದು. ಈ ಐದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಈಗ ಸ್ಯಾಂಪಲ್ ತೆಗೆಯಿರಿ. ಎಂಜಿನ್ ನಿಂತು ಎರಡು ದಿನ ಆಗಿದೆ ಅಂದುಕೊಳ್ಳುತ್ತೇನೆ. ನೀರು ಆಯಿಲ್‌ಗಿಂತ ಭಾರ, ಆದ್ದರಿಂದ ಬಿಡಿ ನೀರು ಸಂಪಿನ ತಳದಲ್ಲಿ ಕೂತಿರುತ್ತದೆ. ಡ್ರೈನ್ ಪ್ಲಗ್ ಕೈಗೆ ಸಿಗುವ ಹಾಗಿದ್ದರೆ ಅದನ್ನು ಪೂರ್ತಿ ತೆಗೆಯಬೇಡಿ, ನಿಧಾನ ಸಡಿಲ ಮಾಡಿ. ಮೊದಲು ಬರುವುದನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಗೆ ಹಿಡಿಯಿರಿ. ಹೆಚ್ಚಿನ ಬೋಟುಗಳಲ್ಲಿ ಪ್ಲಗ್ ತಳಕ್ಕೆ ಅಂಟಿಕೊಂಡೇ ಇರುತ್ತದೆ, ಕೈ ಹೋಗುವುದಿಲ್ಲ. ಆಗ ಡಿಪ್‌ಸ್ಟಿಕ್ ಕೊಳವೆಯಲ್ಲಿ ಸಣ್ಣ ಟ್ಯೂಬ್ ಇಳಿಸಿ ತಳಕ್ಕೆ ಮುಟ್ಟಿಸಿ, ಕೈಪಂಪಿನಿಂದ ಎಳೆಯಿರಿ. ಒಂದು ಲೀಟರ್ ಸಾಕು. ಬಾಟಲಿಯನ್ನು ಬಿಸಿನೀರಿನ ಬಾಲ್ದಿಯಲ್ಲಿ ಅರ್ಧ ದಿನ ನಿಲ್ಲಿಸಿ.

ಬಾಟಲಿಯ ತಳದಲ್ಲಿ ನೀರಿನ ಪದರ ಸ್ಪಷ್ಟವಾಗಿ ಬೇರೆಯಾದರೆ ನೀರು ಜಾಸ್ತಿ ಇದೆ, ಅದರಲ್ಲಿ ಸ್ವಲ್ಪ ಇತ್ತೀಚೆಗೆ ಬಂದದ್ದು. ಎಲ್ಲವೂ ಒಂದೇ ಸಮ ಬೆಳ್ಳಗೆ ಉಳಿದರೆ ನೀರು ಹಳೆಯದು, ಎಂಜಿನ್ ಓಡುವಾಗ ಚೆನ್ನಾಗಿ ಕಡೆದಿದೆ. ಇದನ್ನು ಮರೆಯಬೇಡಿ: ನಿಂತ ಎಂಜಿನ್‌ಗೆ ನೀರು ಇಳಿದರೆ ಆಯಿಲ್ ಬೆಳ್ಳಗಾಗುವುದಿಲ್ಲ. ನೀರು ತಳದಲ್ಲಿ, ಕಪ್ಪು ಆಯಿಲ್ ಮೇಲೆ. ಡಿಪ್‌ಸ್ಟಿಕ್ ನೋಡಿದವರಿಗೆ ಆಯಿಲ್ ಜಾಸ್ತಿಯಾದ ಹಾಗೆ ಕಾಣುತ್ತದೆ, ಅಷ್ಟೇ. ಬೆಳ್ಳಗಾಗುವುದು ಕ್ರ್ಯಾಂಕ್ ತಿರುಗಿ, ಪಂಪ್ ಎಳೆದು, ಎರಡನ್ನೂ ಕಲಸಿದ ಮೇಲೆ. ನಿಮ್ಮ ಹುಡುಗರು ವಾರಕ್ಕೊಮ್ಮೆ ಮಾಡಿದ್ದು ಅದನ್ನೇ. ಅಂದರೆ ಆಯಿಲ್ ಬೆಳ್ಳಗಿದೆ ಅಂತ ನೀರು ಎಂಜಿನ್ ಓಡುವಾಗಲೇ ಬಂತು ಅಂತ ಹೇಳಲು ಬರುವುದಿಲ್ಲ. ವಾರವಿಡೀ ನಿಧಾನ ಇಳಿದು, ಸ್ಟಾರ್ಟ್ ಮಾಡಿದ ದಿನ ಕಲಸಿಕೊಂಡಿರಬಹುದು.

ಯಾವ ನೀರು ಅಂತ ಕಂಡುಹಿಡಿಯಲು ದೊಡ್ಡ ಲ್ಯಾಬ್ ಬೇಡ, ಮೂರು ಸ್ಟೀಲ್ ಚಮಚ ಸಾಕು. ಒಂದರಲ್ಲಿ ಸಂಪಿನಿಂದ ಬೇರೆ ಮಾಡಿದ ನೀರು, ಇನ್ನೊಂದರಲ್ಲಿ ಹೆಡರ್ ಟ್ಯಾಂಕಿನ ನೀರು, ಮೂರನೆಯದರಲ್ಲಿ ಬೋಟಿನ ಪಕ್ಕದ ಹೊಳೆ ನೀರು. ಸಂಪಿನ ನೀರನ್ನು ಮೊದಲು ಟಿಶ್ಯೂ ಪೇಪರಿನಲ್ಲಿ ಎರಡು ಸಲ ಸೋಸಿ ಆಯಿಲ್ ತೆಗೆಯಿರಿ, ಇಲ್ಲದಿದ್ದರೆ ಚಿಟಪಟ ಸಿಡಿಯುತ್ತದೆ. ಎಂಜಿನ್ ರೂಮಿನಲ್ಲಿ ಮಾಡಬೇಡಿ, ದಡದಲ್ಲಿ ಮಾಡಿ. ಸಣ್ಣ ಉರಿಯಲ್ಲಿ ಮೂರನ್ನೂ ಪೂರ್ತಿ ಆರಿಸಿ. ಉಪ್ಪುನೀರಾದರೆ ಚಮಚದ ತಳದಲ್ಲಿ ಬಿಳಿ ಹೊಟ್ಟು ದಪ್ಪಗೆ ಕೂರುತ್ತದೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ, ಒಂದು ಚಮಚದಲ್ಲೇ ಕಣ್ಣಿಗೆ ಕಾಣುವಷ್ಟು ಉಳಿಯುತ್ತದೆ. ಮಳೆ ನೀರಾದರೆ ಸ್ವಲ್ಪ ಮಸಿ ಬಿಟ್ಟರೆ ಹೆಚ್ಚು ಕಡಿಮೆ ಏನೂ ಉಳಿಯುವುದಿಲ್ಲ. ಕೂಲೆಂಟ್ ಆದರೆ ಬಣ್ಣದ ಅಂಟು ಉಳಿಯುತ್ತದೆ. ನಾಲಿಗೆಗೆ ಹಚ್ಚಿ ನೋಡುವ ಚಾಳಿ ಹಳೆಯ ಮೆಕ್ಯಾನಿಕ್‌ಗಳಲ್ಲಿದೆ. ಅದು ಬೇಡವೇ ಬೇಡ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಸಿಹಿಯಾಗಿರುತ್ತದೆ, ವಿಷವೂ ಹೌದು.

ಹೊಳೆ ನೀರಿನ ಚಮಚ ಯಾಕೆ ಅಂದರೆ, ಈಗ ಜುಲೈ. ಗಂಗೊಳ್ಳಿಯ ಪಂಚಗಂಗಾವಳಿಗೆ ಐದು ಹೊಳೆಗಳ ನೆರೆ ನೀರು ಒಟ್ಟಿಗೆ ಬರುವ ಸಮಯ. ಬೇಸಿಗೆಯಲ್ಲಿ ಬೋಟಿನ ಪಕ್ಕ ಇರುವುದು ಉಪ್ಪುನೀರು, ಈಗ ಇರುವುದು ಬಹುಪಾಲು ಸಿಹಿನೀರು. ಸಂಪಿನ ನೀರಿನಲ್ಲಿ ಉಪ್ಪಿಲ್ಲ, ಹಾಗಾಗಿ ಹೊರಗಿನ ನೀರು ಅಲ್ಲ, ಹಾಗಾಗಿ ಗ್ಯಾಸ್ಕೆಟ್ ಅಂತ ಯಾರಾದರೂ ತೀರ್ಮಾನ ಕೊಟ್ಟರೆ ಮಳೆಗಾಲದಲ್ಲಿ ಅದು ತಪ್ಪಾಗಬಹುದು. ಹೊಳೆ ನೀರಿನ ಚಮಚ ಪಕ್ಕದಲ್ಲಿದ್ದರೆ ಹೋಲಿಸಿ ನೋಡಬಹುದು. ಹೊಳೆ ನೀರಿನಲ್ಲೇ ಉಪ್ಪು ಉಳಿಯದಿದ್ದರೆ ಈ ಪರೀಕ್ಷೆ ನಿಮಗೆ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಸಂಪಿನ ನೀರಿನಲ್ಲಿ ಉಪ್ಪು ಸಿಕ್ಕಿದರೆ ಮಾತ್ರ ಅದು ಗಟ್ಟಿ ಸಾಕ್ಷಿ. ಹೆಡರ್ ಟ್ಯಾಂಕಿಗೆ ಬಣ್ಣದ ಕೂಲೆಂಟ್ ಹಾಕಿರುವವರಿಗೆ ಇನ್ನೂ ಸುಲಭ. ನಮ್ಮಲ್ಲಿ ಎಷ್ಟೋ ಬೋಟುಗಳಿಗೆ ಬಾವಿ ನೀರನ್ನೇ ಹಾಕುತ್ತಾರೆ, ಆಗ ಬಣ್ಣದ ಸುಳಿವು ಸಿಗುವುದಿಲ್ಲ. ತುಕ್ಕಿಗೂ ಅದು ಒಳ್ಳೆಯದಲ್ಲ. ಅದು ಬೇರೆ ದಿನದ ಮಾತು.

ಆಯಿಲ್ ಲ್ಯಾಬಿಗೆ ಕಳಿಸಬಹುದೇ ಅಂತ ಕೇಳಬಹುದು. ಕಳಿಸಬಹುದು. ಸಮುದ್ರದ ನೀರಾದರೆ ರಿಪೋರ್ಟಿನಲ್ಲಿ ಸೋಡಿಯಂ ಮತ್ತು ಮೆಗ್ನೀಸಿಯಂ ಒಟ್ಟಿಗೆ ಏರುತ್ತವೆ, ಕೂಲೆಂಟ್ ಆದರೆ ಪೊಟ್ಯಾಸಿಯಂ, ಬೋರಾನ್, ಸಿಲಿಕಾನ್ ತರಹದವು ಕಾಣುತ್ತವೆ. ಆದರೆ ನಿಮಗಿರುವ ಸಮಯಕ್ಕೆ ರಿಪೋರ್ಟ್ ಬರುವುದು ಕಷ್ಟ.

ಹೆಡರ್ ಟ್ಯಾಂಕ್ ಕಡಿಮೆಯಾಗಿಲ್ಲ, ಯಾರೂ ನೀರು ಹಾಕಿಲ್ಲ ಅಂತ ಖಚಿತವಾದರೆ, ನಿಮ್ಮ ಬೋಟಿನಲ್ಲಿ ನಾನು ಮೊದಲು ನೋಡುವುದು ಹೊಗೆ ಪೈಪ್. ಒಂದು ಲೆಕ್ಕ ಹೇಳುತ್ತೇನೆ ಕೇಳಿ. ನಾಲ್ಕು ಇಂಚಿನ ಪೈಪಿನ ಬಾಯಿ ಸುಮಾರು 81 ಚದರ ಸೆಂಟಿಮೀಟರ್. ಅದರ ಮೇಲೆ 1000 ಮಿ.ಮೀ. ಮಳೆ ನೇರ ಬಿದ್ದರೆ ಒಳಗೆ ಹೋಗುವ ನೀರು 8 ಲೀಟರ್. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ ರಜೆಯಲ್ಲಿ ಸಾವಿರ ಮಿ.ಮೀ. ದಾಟುವುದು ಮಾಮೂಲು. ಈ 8 ಲೀಟರ್ ಪೂರ್ತಿ ಎಂಜಿನ್‌ಗೆ ಹೋಗುತ್ತದೆ ಅಂತಲ್ಲ. ಗಾಳಿಗೆ ಮಳೆ ಓರೆಯಾಗಿ ಬೀಳುತ್ತದೆ, ಸೈಲೆನ್ಸರಿನಲ್ಲಿ ಸ್ವಲ್ಪ ನಿಲ್ಲುತ್ತದೆ, ಜಾಯಿಂಟಿನಲ್ಲಿ ಸ್ವಲ್ಪ ಸೋರುತ್ತದೆ. ಆದರೂ ನಿಮ್ಮ ಎರಡು ಮೂರು ಲೀಟರಿಗೆ ಬೇಕಾದಷ್ಟು ಆಯಿತು. ಪೈಪಿನ ತಲೆಗೆ ಮುಚ್ಚಳ ಇದೆ ಅಂತ ಎಲ್ಲರೂ ಹೇಳುತ್ತಾರೆ. ಹೋಗಿ ನೋಡಿದರೆ ಅದು ತುಕ್ಕು ಹಿಡಿದು ಅರ್ಧ ತೆರೆದು ನಿಂತಿರುತ್ತದೆ.

ಆರು ಸಿಲಿಂಡರಿನ ಎಂಜಿನ್ ಎಲ್ಲೇ ನಿಲ್ಲಲಿ, ಒಂದೆರಡು ಎಕ್ಸಾಸ್ಟ್ ವಾಲ್ವ್ ತೆರೆದೇ ಇರುತ್ತವೆ. ಪೈಪಿನಿಂದ ಇಳಿದ ನೀರು ಎಲ್ಲ ಸಿಲಿಂಡರಿನ ಹೊಗೆ ಸೇರುವ ಮ್ಯಾನಿಫೋಲ್ಡಿನಲ್ಲಿ ಹರಿದು ಆ ವಾಲ್ವಿನಿಂದ ಸಿಲಿಂಡರಿಗೆ ಬೀಳುತ್ತದೆ. ಅಲ್ಲಿಂದ ಪಿಸ್ಟನ್ ರಿಂಗಿನ ಸಂದಿಯಲ್ಲಿ ನಿಧಾನ ಸಂಪಿಗೆ ಇಳಿಯುತ್ತದೆ. ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ತುಂಬುವ ಭಾಗ) ಇದ್ದರೆ ನೀರು ಮೊದಲು ಅದರ ಹೊಟ್ಟೆಯಲ್ಲಿ ನಿಲ್ಲುತ್ತದೆ. ಶಾಫ್ಟಿನ ಸೀಲ್ ದಾಟಿ ಆಯಿಲ್ ವಾಪಸ್ ಹೋಗುವ ಪೈಪಿನಿಂದ ಸಂಪಿಗೆ ಇಳಿಯುವ ದಾರಿ ಅಲ್ಲೂ ಇದೆ. ನೋಡುವುದು ಹೇಗೆ? ಮ್ಯಾನಿಫೋಲ್ಡ್ ಅಥವಾ ಟರ್ಬೊಗೆ ಹತ್ತಿರದ ಫ್ಲೇಂಜ್ ಬಿಚ್ಚಿ ಟಾರ್ಚ್ ಬಿಡಿ. ಮಾಮೂಲು ಒಳಗೆ ಒಣ ಕಪ್ಪು ಮಸಿ ಇರಬೇಕು. ಮಸಿ ಕೆಸರಾಗಿದ್ದರೆ, ಕೆಂಪು ತುಕ್ಕಿನ ಗೆರೆ ಮೇಲಿಂದ ಕೆಳಗೆ ಇಳಿದಿದ್ದರೆ ಮಳೆ ಆ ದಾರಿಯಲ್ಲಿ ಬಂದಿದೆ.

ಜೊತೆಗೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಆರೂ ನಾಝಲ್ ತೆಗೆಸಿ. ಹೇಗಿದ್ದರೂ ಇದನ್ನು ಮಾಡಲೇಬೇಕು. ನಾಝಲ್ ತೆಗೆದ ಮೇಲೆ ಫ್ಲೈವ್ಹೀಲನ್ನು ಕೈಯಿಂದ ಬಾರ್ ಹಾಕಿ ಪೂರ್ತಿ ಎರಡು ಸುತ್ತು ತಿರುಗಿಸಿ. ಮುಖ ಆ ತೂತುಗಳ ಮೇಲೆ ಬಗ್ಗಿಸಬೇಡಿ. ಯಾವ ಸಿಲಿಂಡರಿನಿಂದ ನೀರು ಬಂತು, ಬಂದದ್ದು ಕಪ್ಪೋ ತಿಳಿಯೋ ಅಂತ ಬರೆದಿಟ್ಟುಕೊಳ್ಳಿ. ಒಂದೆರಡು ಸಿಲಿಂಡರಿನಿಂದ ಮಸಿ ನೀರು ಬಂದರೆ ಮಳೆಯ ಕಡೆಗೆ ತೂಕ ಜಾಸ್ತಿ. ಅಕ್ಕಪಕ್ಕದ ಎರಡರಿಂದ ತಿಳಿ ನೀರೋ ಕೂಲೆಂಟೋ ಬಂದರೆ, ಆಗ ನಿಮ್ಮ ಮೆಕ್ಯಾನಿಕ್ ಹೇಳಿದ ಗ್ಯಾಸ್ಕೆಟ್ ಮತ್ತೆ ಲೆಕ್ಕಕ್ಕೆ ಬರುತ್ತದೆ. ಎಲ್ಲವೂ ಒಣಗಿದ್ದರೆ ನೀರು ಸಿಲಿಂಡರಿನ ದಾರಿಯಲ್ಲಿ ಬಂದಿರುವ ಸಂಭವ ಕಡಿಮೆ, ಮುಂದಿನದನ್ನು ನೋಡಿ.

ಮುಂದಿನದು ಹೊರಗಿನ ನೀರಿನ ಪಂಪ್. ಗೇರಿನಿಂದ ತಿರುಗುವ ಪಂಪ್ ಆದರೆ ಅದನ್ನು ಟೈಮಿಂಗ್ ಕೇಸಿಗೆ (ಎಂಜಿನ್‌ನ ಗೇರುಗಳಿರುವ ಪೆಟ್ಟಿಗೆಗೆ) ನೇರ ಕೂರಿಸಿರುತ್ತಾರೆ. ಬೆಲ್ಟಿನಿಂದ ತಿರುಗುವುದಾದರೆ ಈ ಭಾಗ ಬಿಟ್ಟು ಮುಂದೆ ಹೋಗಿ. ಗೇರ್ ಪಂಪಿನ ಒಂದೇ ಶಾಫ್ಟಿನ ಈ ಕಡೆ ನೀರು, ಆ ಕಡೆ ಎಂಜಿನ್ ಆಯಿಲ್. ನಡುವೆ ಎರಡು ಸೀಲ್. ಎರಡು ಸೀಲುಗಳ ಮಧ್ಯೆ ಪಂಪಿನ ಅಡಿಭಾಗದಲ್ಲಿ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಯಾವ ಸೀಲ್ ಹೋದರೂ ಸೋರಿದ್ದು ಆ ತೂತಿನಿಂದ ತಳಕ್ಕೆ ತೊಟ್ಟಿಕ್ಕಲಿ, ಇನ್ನೊಂದು ಕಡೆಗೆ ದಾಟದಿರಲಿ ಅಂತ ಮಾಡಿದ ಉಪಾಯ ಅದು. ಬೆಂಕಿಕಡ್ಡಿ ಹೋಗುವಷ್ಟೇ ತೂತು. ನಮ್ಮಲ್ಲಿ ಪ್ರತಿ ರಜೆಯಲ್ಲಿ ಎಂಜಿನ್‌ಗೆ ಬಣ್ಣ ಬಳಿಯುತ್ತಾರೆ. ಬಣ್ಣ ಬಳಿಯುವ ಹುಡುಗ ಅಚ್ಚುಕಟ್ಟಿನವನಾದರೆ ಆ ತೂತನ್ನೂ ಬಿಡುವುದಿಲ್ಲ. ಬಣ್ಣ ಉಳಿಸಿದ್ದನ್ನು ಉಪ್ಪು ಮುಚ್ಚುತ್ತದೆ.

ಒಂದು ಬೋಟಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಹೆಡ್ ಎರಡು ಸಲ ಬಿಚ್ಚಿ ಮುಚ್ಚಿ ಆಗಿತ್ತು, ಆಯಿಲ್ ಮತ್ತೆ ಮತ್ತೆ ಬೆಳ್ಳಗಾಗುತ್ತಿತ್ತು. ಪಂಪಿನ ಅಡಿಗೆ ಕೈ ಹಾಕಿ ತಡವಿದರೆ ತೂತೇ ಸಿಗಲಿಲ್ಲ. ಕನ್ನಡಿ ಹಿಡಿದು ನೋಡಿದಾಗ ಹಸಿರು ಬಣ್ಣದ ಪದರದಲ್ಲಿ ಒಂದು ಸಣ್ಣ ತಗ್ಗು ಕಂಡಿತು. ಕ್ಲಚ್ ಕೇಬಲಿನ ಒಂದು ಎಳೆ ತೆಗೆದು ಚುಚ್ಚಿದರೆ ಮೊದಲು ಬಣ್ಣದ ಚೂರು, ಆಮೇಲೆ ಉಪ್ಪಿನ ಗಂಟು, ಅದರ ಹಿಂದೆಯೇ ತಡೆಯಿಲ್ಲದೆ ನೀರು ಬಂತು. ನೀರಿನ ಮಧ್ಯೆ ಆಯಿಲ್‌ನ ಬಿಳಿ ಎಳೆ. ಪಂಪಿನ ನೀರಿನ ಸೀಲ್ ಎಂದೋ ಹೋಗಿತ್ತು. ಹೊರಗೆ ಹೋಗುವ ದಾರಿ ಮುಚ್ಚಿದ್ದರಿಂದ ನೀರು ಆಯಿಲ್ ಸೀಲ್ ದಾಟಿ ಟೈಮಿಂಗ್ ಕೇಸಿಗೆ ಇಳಿಯುತ್ತಿತ್ತು. ಎರಡು ಸೀಲು, ಒಂದು ಬೇರಿಂಗ್, ಪಾಲಿಶ್ ಹೋದ ಶಾಫ್ಟ್ ಬದಲಿಸಿದ ಮೇಲೆ ಆ ಬೋಟಿನ ಕಥೆ ಮುಗಿಯಿತು.

ಈ ದಾರಿಯಲ್ಲಿ ಎಂಜಿನ್ ನಿಂತಾಗಲೂ ನೀರು ಬರಬಹುದು. ಪಂಪ್ ಇರುವುದು ಸಾಮಾನ್ಯವಾಗಿ ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ. ಹೊರಗಿನ ವಾಲ್ವ್ ತೆರೆದೇ ಬಿಟ್ಟಿದ್ದರೆ ಹೊಳೆ ನೀರಿನ ಒತ್ತಡ ಹಗಲೂ ರಾತ್ರಿ ಆ ಸೀಲಿನ ಮೇಲೆ ಇರುತ್ತದೆ. ಹುಡುಗರನ್ನು ವಾಲ್ವಿನ ಬಗ್ಗೆ ಕೇಳಿ ಅಂದದ್ದು ಇದಕ್ಕೇ. ನೀವು ಮಾಡಬೇಕಾದ್ದು: ವಾಲ್ವ್ ಮುಚ್ಚಿ, ತೂತು ಹುಡುಕಿ, ತಂತಿಯಿಂದ ಬಿಡಿಸಿ. ಆಮೇಲೆ ವಾಲ್ವ್ ತೆರೆದು ಒಂದು ಗಂಟೆ ಕಾಯಿರಿ. ಒಂದು ಹನಿ ಬಂದರೂ ಪಂಪ್ ಇಳಿಸಿ. ಹನಿ ಬರದಿದ್ದರೆ ಪಂಪ್ ಪೂರ್ತಿ ನಿರಪರಾಧಿ ಅಂತಲ್ಲ, ಕೆಲವು ಸೀಲ್ ತಿರುಗುವಾಗ ಮಾತ್ರ ಸೋರುತ್ತವೆ.

ಮೂರನೆಯದು ಆಯಿಲ್ ಕೂಲರ್. ನಿಮ್ಮ ಎಂಜಿನ್‌ನ ಆಯಿಲ್ ಕೂಲರಿಗೆ ಬರುವ ನೀರು ಯಾವುದು ಅಂತ ಪೈಪ್ ಹಿಡಿದು ಹುಡುಕಿ. ಕೆಲವು ಎಂಜಿನ್‌ಗಳಲ್ಲಿ ಹೆಡರ್ ಟ್ಯಾಂಕಿನ ನೀರೇ ಅದರ ಮೂಲಕ ಹೋಗುತ್ತದೆ, ಕೆಲವಲ್ಲಿ ಹೊರಗಿನ ನೀರು. ಎಂಜಿನ್ ಓಡುವಾಗ ಆಯಿಲ್ ಒತ್ತಡ ನೀರಿನ ಒತ್ತಡಕ್ಕಿಂತ ಎಷ್ಟೋ ಜಾಸ್ತಿ. ಒಳಗಿನ ಟ್ಯೂಬ್ ತೂತಾದರೆ ಓಡುವಾಗ ಆಯಿಲ್ ನೀರಿಗೆ ಹೋಗುತ್ತದೆ, ನಿಲ್ಲಿಸಿದ ಮೇಲೆ ನೀರು ಆಯಿಲ್‌ಗೆ ಬರುತ್ತದೆ. ಹೆಡರ್ ಟ್ಯಾಂಕಿನ ಕಡೆಯ ಕೂಲರ್ ಆದರೆ ಟ್ಯಾಂಕಿನ ಮುಚ್ಚಳದ ಒಳಗೆ ಕಂದು ಜಿಡ್ಡು ಕಾಣುತ್ತದೆ. ಆಯಿಲ್‌ನಲ್ಲಿ ನೀರು, ನೀರಿನಲ್ಲಿ ಆಯಿಲ್, ಎರಡೂ ಒಟ್ಟಿಗೆ ಕಂಡರೆ ನಾನು ಮೊದಲು ಕೂಲರನ್ನೇ ಇಳಿಸುತ್ತೇನೆ. ಹೊರಗಿನ ನೀರಿನ ಕೂಲರ್ ಆದರೆ ಆಯಿಲ್ ಹೊಳೆಗೆ ಹೋಗುತ್ತದೆ, ಓಡುವಾಗ ನೀರು ಹೊರಬೀಳುವ ಜಾಗದಲ್ಲಿ ಬಣ್ಣದ ಪದರ ತೇಲುತ್ತದೆ. ನಿಮಗೆ ಹೆಡರ್ ಟ್ಯಾಂಕ್ ಕಡಿಮೆಯಾಗಿಲ್ಲವಾದ್ದರಿಂದ ಈ ಎರಡನೇ ತರಹದ್ದೇ ಆಗಿದ್ದರೆ ಅದನ್ನು ಬಿಡಬೇಡಿ. ಕೂಲರಿನಲ್ಲಿ ಪೆನ್ಸಿಲ್ ಜಿಂಕ್ (ಟ್ಯೂಬಿನ ಬದಲು ತಾನು ಸವೆಯಲಿ ಅಂತ ಹಾಕುವ ಸತುವಿನ ಕಡ್ಡಿ) ಇದ್ದರೆ ಬಿಚ್ಚಿ ನೋಡಿ. ಜಿಂಕ್ ಪೂರ್ತಿ ಕರಗಿ ಬರೀ ಪ್ಲಗ್ ಉಳಿದಿದ್ದರೆ ಉಪ್ಪುನೀರು ಟ್ಯೂಬನ್ನೇ ತಿನ್ನಲು ಶುರು ಮಾಡಿರುತ್ತದೆ.

ಕೂಲರ್ ಪರೀಕ್ಷೆ ಕಷ್ಟದ್ದಲ್ಲ. ಇಳಿಸಿ, ಆಯಿಲ್ ಕಡೆಯ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಕೊಟ್ಟು, ಬಿಸಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಮುಗಿಯಿತು. ಎಷ್ಟು ಒತ್ತಡ ಅನ್ನುವುದನ್ನು ಎಂಜಿನ್ ಪುಸ್ತಕ ನೋಡಿಯೇ ಕೊಡಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಪೂರ್ತಿ ತೆರೆದು ಒಳ್ಳೆಯ ಕೂಲರನ್ನೂ ಒಡೆದವರಿದ್ದಾರೆ.

ಇಷ್ಟರಲ್ಲಿ ಏನೂ ಸಿಗದಿದ್ದರೆ, ಅಥವಾ ಹುಡುಗರು ಟ್ಯಾಂಕಿಗೆ ನೀರು ಹಾಕುತ್ತಿದ್ದೆವು ಅಂತ ಒಪ್ಪಿಕೊಂಡರೆ, ಆಗ ಹೆಡರ್ ಟ್ಯಾಂಕಿನ ಕಡೆ ಬನ್ನಿ. ಆಗಲೂ ನೇರ ಹೆಡ್ ಬಿಚ್ಚಬೇಡಿ. ರೇಡಿಯೇಟರ್ ಪರೀಕ್ಷೆಯ ಕೈಪಂಪ್ ದೊಡ್ಡ ಗ್ಯಾರೇಜುಗಳಲ್ಲಿ ಸಿಗುತ್ತದೆ. ಆಯಿಲ್ ಪೂರ್ತಿ ಇಳಿಸಿ, ಟ್ಯಾಂಕ್ ತುಂಬಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಹಾಕಿ ಅರ್ಧ ಗಂಟೆ ಬಿಡಿ. ಸೈಡಿನ ಇನ್‌ಸ್ಪೆಕ್ಷನ್ ಕವರ್ ಇರುವ ಎಂಜಿನ್ ಆದರೆ ಅದನ್ನು ತೆಗೆದು ಕೆಳಗಿನಿಂದ ಟಾರ್ಚ್ ಹಾಕಿ. ಲೈನರಿನ ಹೊರಮೈಯಿಂದ ಹನಿ ಇಳಿದರೆ ಓ ರಿಂಗ್, ಲೈನರಿನ ಒಳಗಿನಿಂದ ಪಿಸ್ಟನ್ ಪಕ್ಕ ಇಳಿದರೆ ಗ್ಯಾಸ್ಕೆಟ್, ಹೆಡ್ಡಿನ ಬಿರುಕು ಅಥವಾ ತೂತಾದ ಲೈನರ್. ಗ್ಯಾಸ್ಕೆಟ್ ಹೋದ ಎಂಜಿನ್ ಸಾಮಾನ್ಯವಾಗಿ ಬೇರೆ ಗುರುತನ್ನೂ ಬಿಟ್ಟಿರುತ್ತದೆ. ಸೀಸನ್‌ನಲ್ಲಿ ಬಿಸಿ ಏರಿದ್ದು, ಟ್ಯಾಂಕಿನಲ್ಲಿ ನಿಲ್ಲದ ಗುಳ್ಳೆ, ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದ ಕೆಲವೇ ನಿಮಿಷಕ್ಕೆ ಹೋಸ್ ಕಲ್ಲಾಗುವುದು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ. ಬೋಟ್ ನಡೆಸುವ ನಿಮ್ಮ ತಂಡೇಲರಿಗೆ ಮೇ ತಿಂಗಳಲ್ಲಿ ಇವುಗಳಲ್ಲಿ ಒಂದಾದರೂ ಕಂಡಿತ್ತಾ ಕೇಳಿ. ಯಾವುದೂ ಇಲ್ಲದೆ, ರಜೆಯಲ್ಲಿ ಕಟ್ಟಿಹಾಕಿದ ಎಂಜಿನ್‌ನ ಗ್ಯಾಸ್ಕೆಟ್ ತಾನಾಗಿ ಹೋಯಿತು ಅಂದರೆ ನನಗೆ ನಂಬುವುದು ಕಷ್ಟ ಮಾರಾಯ್ರೆ.

ಬೇರೆ ತರಹದ ಬೋಟ್ ಇರುವವರಿಗೆ ಎರಡು ಮಾತು. ಕೀಲ್ (ಬೋಟಿನ ತಳದ ಉದ್ದ ತೊಲೆ) ಪಕ್ಕ ಹೊರಗೆ ಪೈಪ್ ಹಾಯಿಸಿ ತಂಪು ಮಾಡುವ ಬೋಟಿನಲ್ಲಿ ಎಂಜಿನ್‌ಗೆ ಸಾಮಾನ್ಯವಾಗಿ ಹೊರಗಿನ ನೀರಿನ ಪಂಪ್ ಇರುವುದಿಲ್ಲ, ಇಲ್ಲದಿದ್ದರೆ ಆ ಸಂಶಯ ಬಿಡಬಹುದು. ಹೊಗೆ ಪೈಪಿಗೆ ನೀರು ಬೆರೆಸಿ ಹಿಂದಿನಿಂದ ಬಿಡುವ ಪ್ರವಾಸಿ ಬೋಟುಗಳಲ್ಲಿ ಮೊದಲ ಸಂಶಯ ಆ ಬೆರೆಸುವ ಮೊಣಕೈ ಪೈಪಿನ ಮೇಲೆಯೇ. ಸ್ಟಾರ್ಟ್ ಆಗದ ಎಂಜಿನ್‌ಗೆ ವಾಲ್ವ್ ತೆರೆದಿಟ್ಟು ಸೆಲ್ಫ್ ಹೊಡೆಯುತ್ತಲೇ ಇದ್ದರೆ ಪಂಪ್ ನೀರು ತುಂಬುತ್ತದೆ, ಅದನ್ನು ಹೊರಗೆ ತಳ್ಳಲು ಹೊಗೆಯ ಒತ್ತಡ ಇರುವುದಿಲ್ಲ, ನೀರು ಹಿಂದಕ್ಕೆ ಸಿಲಿಂಡರಿಗೆ ಬರುತ್ತದೆ. ಇನ್ನು ಮಟ್ಟ ಏರಿದೆ, ಆಯಿಲ್ ಕಪ್ಪಾಗಿಯೇ ಇದೆ, ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಅದು ನೀರಿನ ತೊಂದರೆ ಅಲ್ಲ, ಡೀಸೆಲ್ ಇಳಿಯುತ್ತಿದೆ.

ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡುವ ಬಗ್ಗೆಯೂ ಹೇಳಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಹೊಗೆಯ ಜೊತೆ ಹೊರಗೆ ಹೋಗುತ್ತದೆ, ಸ್ವಲ್ಪ ರಿಂಗ್ ದಾಟಿ ಒಳಗೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಉಸಿರುಕೊಳವೆಯಿಂದ ಹೋಗಿಬಿಡುತ್ತದೆ. ಹತ್ತು ನಿಮಿಷದ ಐಡ್ಲಿಂಗ್‌ನಲ್ಲಿ ಆಯಿಲ್ ಸರಿಯಾಗಿ ಬಿಸಿಯಾಗುವುದಿಲ್ಲ, ಆವಿ ಒಳಗೇ ತಣಿದು ನೀರಾಗುತ್ತದೆ. ಇದರಿಂದ ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ಕೆನೆ ಕಟ್ಟುತ್ತದೆ. ಅಷ್ಟನ್ನು ನೋಡಿ ಹೆದರಬೇಕಿಲ್ಲ. ಆದರೆ ಎರಡು ಬೆರಳು ಏರುವಷ್ಟು ನೀರು ಹೀಗೆ ಬರುವುದಿಲ್ಲ. ಮುಂದಿನ ರಜೆಯಲ್ಲಿ ಸ್ಟಾರ್ಟ್ ಮಾಡುವುದಾದರೆ ಧಕ್ಕೆಗೆ (ಬೋಟ್ ನಿಲ್ಲಿಸುವ ಕಟ್ಟೆಗೆ) ಗಟ್ಟಿ ಕಟ್ಟಿ, ಗೇರ್ ಹಾಕಿ, ಟೆಂಪರೇಚರ್ ಮುಳ್ಳು ಮಾಮೂಲು ಜಾಗಕ್ಕೆ ಬಂದ ಮೇಲೂ ಅರ್ಧ ಗಂಟೆ ಓಡಿಸಿ. ಅದು ಆಗದಿದ್ದರೆ ಸ್ಟಾರ್ಟೇ ಮಾಡಬೇಡಿ. ಪೈಪಿನ ಬಾಯಿಗೆ ಡಬ್ಬ ಕವುಚಿ ಕಟ್ಟಿ, ಹೊರಗಿನ ವಾಲ್ವ್ ಮುಚ್ಚಿ, ಸ್ಟಾರ್ಟರ್ ಕೀಲಿಗೆ ಒಂದು ಚೀಟಿ ಕಟ್ಟಿ ಮನೆಗೆ ಬನ್ನಿ.

ದಾರಿ ಸಿಕ್ಕಿ ಸರಿಮಾಡಿದ ಮೇಲೆ ಆಯಿಲ್ ತೊಳೆಯುವ ಕೆಲಸ. ಅದಕ್ಕೆ ಮೊದಲೇ ತೊಳೆದರೆ ಆಯಿಲ್ ದಂಡ. ಆದರೆ ರಿಪೇರಿ ತಡವಾಗುತ್ತದೆ ಅಂತಾದರೆ ನೀರು ತುಂಬಿದ ಆಯಿಲನ್ನು ಒಳಗೆ ಬಿಡಬೇಡಿ. ಇಳಿಸಿ, ಹೊಸದು ತುಂಬಿ, ನಾಝಲ್ ತೂತಿನಿಂದ ಪ್ರತಿ ಸಿಲಿಂಡರಿಗೆ ಸ್ವಲ್ಪ ಆಯಿಲ್ ಹಾಕಿ ದಿನಾ ಕೈಯಿಂದ ತಿರುಗಿಸಿ. ಉಪ್ಪುನೀರಾಗಿದ್ದರೆ ಇದನ್ನು ಇವತ್ತೇ ಮಾಡಿ, ಬೇರಿಂಗ್ ಮತ್ತು ಲೈನರಿನ ಮೇಲೆ ತುಕ್ಕು ಕೂರಲು ಜಾಸ್ತಿ ದಿನ ಬೇಕಾಗುವುದಿಲ್ಲ.

ತೊಳೆಯುವುದು ಹೀಗೆ. ಹಳೆಯದು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ರಾಕರ್ ಕವರ್ ಒಳಗಿನ ಬಿಳಿ ಕೆನೆ ಒರೆಸಿ. ಅದೇ ಗ್ರೇಡಿನ ಕಡಿಮೆ ಬೆಲೆಯ ಆಯಿಲ್ ತುಂಬಿ. ಡೀಸೆಲ್ ಬಂದ್ ಮಾಡಿ, ಆಯಿಲ್ ಪ್ರೆಶರ್ ಏರುವವರೆಗೆ ಸೆಲ್ಫ್ ಬಿಟ್ಟು ಬಿಟ್ಟು ಹೊಡೆಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಲೋಡ್ ಕೊಡದೆ ಬಿಸಿಯಾಗುವವರೆಗೆ ಓಡಿಸಿ, ಬಿಸಿ ಇರುವಾಗಲೇ ಇಳಿಸಿ. ಇಳಿದದ್ದು ಬೆಳ್ಳಗಿದ್ದರೆ ಇನ್ನೊಮ್ಮೆ. ಎರಡು ಮೂರು ಸಲ ಬೇಕಾಗುತ್ತದೆ. ಬರೀ ಡೀಸೆಲ್ ಅಥವಾ ಸೀಮೆಎಣ್ಣೆ ತುಂಬಿ ಓಡಿಸಿ ತೊಳೆಯುವವರಿದ್ದಾರೆ. ಅದರಿಂದ ಬೇರಿಂಗಿನಲ್ಲಿ ಆಯಿಲ್ ಪದರ ನಿಲ್ಲುವುದಿಲ್ಲ, ನೀರು ಮಾಡದ ಹಾನಿಯನ್ನು ಅದು ಮಾಡುತ್ತದೆ.

ಬಿಚ್ಚಿದ ಹಳೆಯ ಫಿಲ್ಟರನ್ನು ಎಸೆಯಬೇಡಿ. ಹ್ಯಾಕ್ಸಾದಿಂದ ಕೊಯ್ದು, ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಬರೀ ಕೆಸರಾದರೆ ಸಮಾಧಾನ. ಹೊಳೆಯುವ ಬೆಳ್ಳಿ ಬಣ್ಣದ ಅಥವಾ ತಾಮ್ರದ ಬಣ್ಣದ ಚೂರು ಕಂಡರೆ ಬೇರಿಂಗ್ ಸವೆದಿದೆ. ಆಗ ಆಗಸ್ಟ್ 1 ಮರೆತು ಸಂಪ್ ಇಳಿಸಿ ಬೇರಿಂಗ್ ನೋಡಿಸಿ. ಎಲ್ಲ ಸರಿ ಇದ್ದರೆ ಮೊದಲು ಒಂದು ದಿನದ ಮೀನುಗಾರಿಕೆಗೆ ಹತ್ತಿರದಲ್ಲೇ ಹೋಗಿ ಬನ್ನಿ, ದಿನಗಟ್ಟಲೆ ಹೊರಗಿರುವ ಟ್ರಿಪ್ ಬೇಡ. ಬಂದು ಕಟ್ಟಿದ ಮರುದಿನ ಬೆಳಿಗ್ಗೆ ಎಂಜಿನ್ ಮುಟ್ಟುವ ಮೊದಲು ಡಿಪ್‌ಸ್ಟಿಕ್ ನೋಡಿ, ತಳದಿಂದ ಸ್ವಲ್ಪ ಎಳೆದು ಬಾಟಲಿಯಲ್ಲಿಟ್ಟು ನೋಡಿ. ಆ ಆಯಿಲನ್ನು ಮಾಮೂಲು ಅವಧಿಗೆ ಕಾಯದೆ ಬೇಗ ಬದಲಿಸಿ.

ಇನ್ನೊಂದು ಬಿಟ್ಟುಹೋಗಿತ್ತು. ಗೇರ್‌ಬಾಕ್ಸಿನ ಡಿಪ್‌ಸ್ಟಿಕ್ ತೆಗೆದು ನೋಡಿದ್ದೀರಾ? ಅದರ ಕೂಲರ್ ಬೇರೆ, ಎಷ್ಟೋ ಬೋಟುಗಳಲ್ಲಿ ಅದರಲ್ಲಿ ಹರಿಯುವುದು ಹೊರಗಿನ ನೀರು. ಎಂಜಿನ್ ಗಲಾಟೆಯಲ್ಲಿ ಅದನ್ನು ಯಾರೂ ನೋಡುವುದಿಲ್ಲ. ಅದರ ಆಯಿಲ್ ಬೆಳ್ಳಗಿದ್ದರೆ ಎಂಜಿನ್‌ಗೂ ಅದಕ್ಕೂ ಸಂಬಂಧವಿಲ್ಲ, ಆ ಕೂಲರನ್ನು ಪ್ರತ್ಯೇಕ ಇಳಿಸಿ ಪರೀಕ್ಷೆ ಮಾಡಿಸಿ.